ನನ್ನ ಮಕ್ಕಳ ಗಂಟಲು

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವಳಿಗೆ ಏಳು. ದೊಡ್ಡವಳದ್ದು ಬಾಯಿ, ಚಿಕ್ಕವಳದ್ದು ಗಂಟಲು. ಬಾಯಿ ಎಂದರೆ ವಾದ. ನೀವು ಏನೇ ಹೇಳಿ, ಅವಳು ಅದರ ಬುಡಕ್ಕೇ ಕೈ ಹಾಕುತ್ತಾಳೆ. ಗಂಟಲು ಎಂದರೆ ಬರೀ ಗಂಟಲು. ಸಾಗರದಲ್ಲಿ ನಾವಿರುವುದು ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಲ್ಲಿ. ಚಿಕ್ಕವಳು ಬಚ್ಚಲಿನಿಂದ "ಅಮ್ಮಾ, ಟವೆಲ್!" ಎಂದರೆ ಸಾಲಿನ ಕೊನೇ ಮನೆಯವರು ಟವೆಲ್ ಹಿಡಿದು ಬಂದಾರು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ.

ತಮಾಷೆ ಮಾಡದವರೂ ಇದ್ದಾರೆ. ಪಕ್ಕದ ಮನೆಯವರು ಗೋಡೆ ಕುಟ್ಟುತ್ತಾರೆ. ಶಾಲೆಯ ಟೀಚರ್ ನನ್ನನ್ನು ಕರೆಸಿ, ಹೆಣ್ಣುಮಗುವಿಗೆ ಸ್ವಲ್ಪ ಮೆತ್ತಗೆ ಮಾತಾಡಲು ಕಲಿಸಿ ಎಂದರು. ಗಂಡುಮಕ್ಕಳಿಗೆ ಯಾರು ಕಲಿಸುತ್ತಾರೆ ಮೇಡಂ ಎಂದು ಕೇಳಿ ಬಂದೆ. ತೀರ್ಥಹಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ ಇವರಿಬ್ಬರೂ ಪಂಕ್ತಿಯ ನಡುವೆ ಓಡಿ ಹೋಳಿಗೆಯ ತಟ್ಟೆಗೇ ಡಿಕ್ಕಿ ಹೊಡೆದರು. ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎರಡೂ ಹೆಣ್ಣಾ? ಇನ್ನೊಂದು ನೋಡ್ಬೋದಿತ್ತಲ್ಲ ಮಾರಾಯ್ತಿ" ಎಂದರು. "ಇವೆರಡನ್ನ ಒಂದು ವಾರ ಇಟ್ಕೊಂಡ್ ನೋಡಿ ಅಮ್ಮ, ಆಮೇಲೆ ಮೂರನೇದರ ಮಾತು ಆಡಿ" ಎಂದೆ. ಅವರ ಬಾಯಿ ತುಂಬ ಪಾಯಸ ಇದ್ದದ್ದರಿಂದ ಸುಮ್ಮನಾದರು.

ನನ್ನ ಗಂಡನ ಮನೆಯಲ್ಲಿ ಮಕ್ಕಳ ಗುಣವನ್ನು ಹಂಚಿ ಹಾಕುವ ಪದ್ಧತಿಯೊಂದಿದೆ. ಒಳ್ಳೆಯದೆಲ್ಲ ಮನೆತನದ್ದು, ಉಳಿದದ್ದು ಸೊಸೆ ತಂದದ್ದು. ದೊಡ್ಡವಳು ಲೆಕ್ಕದಲ್ಲಿ ಚುರುಕು, ಅದು ಅಜ್ಜನ ತಲೆ. ಚಿಕ್ಕವಳ ಕೂದಲು ದಟ್ಟ, ಅದು ಅಜ್ಜಿಯ ಕಡೆಯದು. ಗಂಟಲು? "ಅದು ಮಾತ್ರ ಅಮ್ಮಂದೇ" ಎಂದು ತೀರ್ಪು ಕೊಟ್ಟವರು ನನ್ನ ಮಾವನ ಅಣ್ಣ. ಹೊಸನಗರ ತಾಲ್ಲೂಕಿನ ನಮ್ಮ ಊರಲ್ಲಿ ಮಾವನ ಮನೆಯ ಪಕ್ಕವೇ ಅವರ ಮನೆ, ಗದ್ದೆಗೂ ಗದ್ದೆಗೂ ಒಂದೇ ಅಂಚು. ನಾನು ಅವರನ್ನು ದೊಡ್ಡ ಮಾವ ಎನ್ನುತ್ತೇನೆ. ಚಿಕ್ಕವಳು ತೊಟ್ಟಿಲಲ್ಲಿ ಅತ್ತಾಗಿನಿಂದ ಅವರು ಆ ಮಾತು ಹೇಳುತ್ತಲೇ ಬಂದಿದ್ದಾರೆ, ನಾನು ಕೇಳುತ್ತಲೇ ಬಂದಿದ್ದೇನೆ.

ಈ ಗಂಟಲಿಗೆ ಒಂದು ಗೌರವದ ಕೆಲಸ ಸಿಕ್ಕಿದ್ದು ಹೋದ ವರ್ಷದ ಭೂಮಿ ಹುಣ್ಣಿಮೆಯಲ್ಲಿ.

ನಮ್ಮ ಕಡೆ ಆ ಹಬ್ಬಕ್ಕೆ ದೀಪಾವಳಿಗಿಂತ ಒಂದು ಕೈ ಹೆಚ್ಚು. ಆಗ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ತೆನೆ ಇನ್ನೂ ಒಳಗೇ. ಭೂಮಿತಾಯಿ ಬಸುರಿ ಎನ್ನುತ್ತೇವೆ, ಅವಳ ಬಯಕೆ ತೀರಿಸುತ್ತೇವೆ. ಮನೆಯ ಹೆಂಗಸರು ಬಿದಿರು ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೇಲಿಯ ಮೇಲಿನ, ಕಾಡಿನ ಅಂಚಿನ ಸೊಪ್ಪಿನ ಕುಡಿಗಳನ್ನೆಲ್ಲ ಆರಿಸಿ ತಂದು ಅಕ್ಕಿಯ ಜೊತೆ ಬೇಯಿಸುತ್ತಾರೆ. ಅದು ಚರಗ. ಬೆಳಕು ಹರಿಯುವ ಮೊದಲು ಮನೆಯ ಗಂಡಸು ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಚರಗ ಚೆಲ್ಲುತ್ತಾ, ಭೂಮಿತಾಯಿ ಬಂದು ಉಣ್ಣಲಿ ಎಂದು ಕೂಗಿ ಕೊನೆಗೆ "ಹೂಯ್" ಎನ್ನುತ್ತಾನೆ. ಆಚೆ ಗದ್ದೆಯವನು ಅದಕ್ಕೆ ಹೂಯ್ ಕೊಡುತ್ತಾನೆ. ಅವನದ್ದಕ್ಕೆ ಅವನಾಚೆಯವನು. ಹೆಂಗಸರು ಮಕ್ಕಳು ಹೋಗುವುದು ಬೆಳಕಾದ ಮೇಲೆ, ಪೂಜೆಗೆ.

ಪ್ರತಿ ವರ್ಷ ನನ್ನ ಮಕ್ಕಳು ಅಂಗಳದ ತುದಿಯಲ್ಲಿ ಕಂಬಳಿ ಹೊದ್ದು ನಿಂತು ಅಜ್ಜನ ಹೂಯ್ ಕೇಳುತ್ತಿದ್ದರು. ಚಿಕ್ಕವಳಿಗಂತೂ ಅದರ ಹುಚ್ಚು. ಹೋದ ಸಲ ಸಾಗರದಿಂದ ಊರಿಗೆ ಹೋಗುವ ಪ್ರೈವೇಟ್ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅವಳು ಒಂದು ಹೂಯ್ ಹಾಕಿದಳು. ಯಾರೋ ಬಾಗಿಲಿಂದ ಬಿದ್ದರೆಂದು ಡ್ರೈವರ್ ಬ್ರೇಕ್ ಒತ್ತಿದರು. ಕಂಡಕ್ಟರ್ ಬೈದರು. "ಪ್ರಾಕ್ಟೀಸ್ ಮಾಡ್ದೆ" ಎಂದಳು ಇವಳು.

ಊರಿಗೆ ಹೋದರೆ ಮನೆಯಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ಮಾವ ಗದ್ದೆಯ ಅಂಚಿನ ಮೇಲೆ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಜಗಲಿಯ ಮಂಚದಲ್ಲಿ ಮಲಗಿದ್ದರು. ನನ್ನ ಗಂಡನ ಕೆಲಸ ಕಾರ್ಗಲ್ಲಿನ ಡ್ಯಾಮಿನಲ್ಲಿ. ಡ್ಯಾಮ್ ತುಂಬಿತ್ತು, ಅವರಿಗೆ ಅವತ್ತು ರಜೆ ಇರಲಿಲ್ಲ. ಹಾಗಾದರೆ ನಮ್ಮ ಗದ್ದೆಗೆ ಚರಗ ಚೆಲ್ಲುವವರು ಯಾರು? ಉತ್ತರ ಹಿಡಿದುಕೊಂಡೇ ದೊಡ್ಡ ಮಾವ ಸಂಜೆ ಜಗಲಿ ಹತ್ತಿ ಬಂದರು.

"ಗಂಡು ದಿಕ್ಕಿಲ್ದ ಗದ್ದೆ ಅನ್ನಿಸ್ಬಾರ್ದು. ನಮ್ದು ಮುಗ್ಸಿ ಇಲ್ಲಿಗೂ ನಾನೇ ಚೆಲ್ತೀನಿ. ಮುಂದೆ ಹೆಂಗೂ ನನ್ ಮಗ ಇದಾನೆ" ಎಂದರು.

ಅವರು ಕೆಟ್ಟವರಲ್ಲ. ಮಾವ ಬಿದ್ದ ದಿನ ಜೀಪು ತರಿಸಿ ಆಸ್ಪತ್ರೆಗೆ ಒಯ್ದವರು ಅವರೇ. ಆದರೆ ಆ 'ಮುಂದೆ' ನನ್ನ ಎದೆಗೆ ನಾಟಿತು. ಎರಡು ಮಕ್ಕಳು ಅವರ ಕಣ್ಣೆದುರಿಗೇ ಕೂತು ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದವು, ಮೊಣಕೈವರೆಗೆ ಕೆಮ್ಮಣ್ಣು. ಅವರ ಲೆಕ್ಕದಲ್ಲಿ ಆ ಜಗಲಿಯಲ್ಲಿ ಯಾರೂ ಇರಲಿಲ್ಲ. ಈ ಗದ್ದೆಯ ಮುಂದಿನ ದಿನಗಳಲ್ಲಿ ನನ್ನ ಮಕ್ಕಳಿಗೆ ಜಾಗವಿಲ್ಲ ಎಂಬುದನ್ನು ಅವರು ಅಷ್ಟು ಸಲೀಸಾಗಿ, ಎಲೆಯಡಿಕೆ ಮೆಲ್ಲುತ್ತಾ ಹೇಳಿದ್ದರು.

"ದೊಡ್ಡ ಮಾವ, ನೀವು ನಿಮ್ಮ ಗದ್ದೆಗೆ ಚೆಲ್ಲಿ. ನಮ್ದಕ್ಕೆ ನಮ್ ಮಕ್ಳು ಚೆಲ್ತಾರೆ" ಎಂದೆ.

"ಯಾವ ಮಕ್ಳು?"

"ಇವೇ. ಎರಡಿದಾವಲ್ಲ."

ಅವರು ನಕ್ಕರು. "ಹೆಣ್ಮಕ್ಳು ಚರಗ ಚೆಲ್ಲೋದು ಎಲ್ಲಾದ್ರೂ ಉಂಟಾ?"

ದೊಡ್ಡವಳು ಕುಂಚ ಕೆಳಗಿಟ್ಟಳು. ಅವಳು ಕೈಲಿದ್ದದ್ದನ್ನು ಕೆಳಗಿಟ್ಟಳೆಂದರೆ ಎದುರಿನವರು ಎಚ್ಚರವಾಗಿರಬೇಕು. "ದೊಡ್ಡಜ್ಜ, ನಮ್ಮ ಚಿಕ್ಕಮ್ಮನ ಸೀಮಂತದಲ್ಲಿ ಬಯಕೆ ಊಟ ಬಡ್ಸಿದ್ದು ಯಾರು? ನೀವಾ?"

"ನಾನ್ಯಾಕೆ ಬಡಿಸ್ಲಿ? ಹೆಂಗಸ್ರು ಬಡ್ಸಿದ್ರು."

"ಭೂಮ್ತಾಯಿನೂ ಬಸುರಿ ಅಂತ ನೀವೇ ಹೇಳಿದ್ದು. ಮತ್ತೆ ಅವಳಿಗೆ ಎಂತಕ್ಕೆ ಗಂಡಸ್ರು ಬಡ್ಸೋದು?"

ಮಂಚದಲ್ಲಿದ್ದ ಮಾವ ಕೆಮ್ಮಿದಂತೆ ಮಾಡಿ ನಗು ನುಂಗಿದರು. ದೊಡ್ಡ ಮಾವನಿಗೆ ನಗು ಬರಲಿಲ್ಲ. ಮಗುವಿಗೆ ಉತ್ತರ ಕೊಡುವುದು ಬಿಟ್ಟು ನನ್ನ ಕಡೆ ತಿರುಗಿದರು. "ಹೆಣ್ಮಕ್ಳು ನಾಳೆ ಮದ್ವೆಯಾಗಿ ಹೋಗೋರು. ಗದ್ದೆ ಇಲ್ಲೇ ಇರತ್ತೆ."

"ನಿಮ್ಮ ಮಗ ಅಂಗಡಿ ಇಟ್ಕೊಂಡು ಶಿವಮೊಗ್ಗಕ್ಕೆ ಹೋದ್ರಲ್ಲ, ಗದ್ದೆ ಏನು ಅವರ ಹಿಂದೆ ಹೋಯ್ತಾ?"

"ಮಾತಿಗೆ ಮಾತು ಕೊಡ್ತೀಯಲ್ಲ, ಅದಕ್ಕೇ ಮಕ್ಳಿಗೂ ಅದೇ ಗಂಟ್ಲು ಬಂದಿರೋದು" ಎಂದು ಅವರು ಎದ್ದರು. ಎದ್ದು ಮಾವನ ಮುಖ ನೋಡಿದರು. ಮಾವ ಜನ್ಮದಲ್ಲಿ ಅಣ್ಣನಿಗೆ ಎದುರಾಡಿದವರಲ್ಲ. "ಅಣ್ಣ ಹೇಳ್ದಂಗೇ ಆಗ್ಲಿ" ಎಂದು ಗೋಡೆಯ ಕಡೆ ಹೊರಳಿದರು. ಚಿಕ್ಕವಳ ಕಣ್ಣಲ್ಲಿ ನೀರು ತುಂಬಿತು. ಗಂಟಲಿದ್ದೂ ಅವಳು ಸದ್ದು ಮಾಡದೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಆಗಲೇ ನಿರ್ಧರಿಸಿದೆ, ಮಾವ ಒಪ್ಪಲಿ ಬಿಡಲಿ.

ಗಂಡನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಈಗ ನೀ ಎಂತ ಮಾಡ್ಬೇಕು ಅಂತಿದೀಯ?" ಎಂದರು.

"ಮಾಡ್ಬೇಕು ಅಂತಿಲ್ಲ. ಮಾಡ್ತೀನಿ."

"ಹಂಗಾದ್ರೆ ಟಾರ್ಚ್ ಸೆಲ್ ನೋಡ್ಕೋ. ಅಂಚು ಜಾರತ್ತೆ" ಎಂದರು. ನನ್ನ ಗಂಡ ಇರುವುದೇ ಹೀಗೆ. ಜಗಳಕ್ಕೆ ಬರುವುದಿಲ್ಲ, ಟಾರ್ಚಿಗೆ ಬರುತ್ತಾರೆ.

ಇಷ್ಟೆಲ್ಲ ನಡೆಯುವಾಗ ಅತ್ತೆ ಅಡಿಗೆಮನೆಯ ಹೊಸ್ತಿಲ ಬಳಿ ಕೂತು ಸೊಪ್ಪು ಸೋಸುತ್ತಿದ್ದರು. ಒಂದು ಮಾತಾಡಲಿಲ್ಲ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಸಸಿ ಕಿತ್ತವರು ಅವರು, ನೆಟ್ಟಿ ಮಾಡಿದವರು ಅವರು, ಕಳೆ ಕಿತ್ತವರು ಅವರು, ಮದುವೆಯಾಗಿ ಬಂದಾಗಿನಿಂದ ಚರಗ ಬೇಯಿಸಿದವರೂ ಅವರೇ. ಅದನ್ನು ಚೆಲ್ಲುವುದನ್ನು ಮಾತ್ರ ಒಂದು ದಿನವೂ ಕಂಡವರಲ್ಲ. ಸೊಪ್ಪೆಲ್ಲ ಮುಗಿದ ಮೇಲೆ ಸೆರಗು ಕೊಡವಿ ಎದ್ದು, "ಹಂಡೆಗೆ ನೀರು ತುಂಬ್ಸು. ಮಕ್ಳಿಗೆ ಬೇಗ ಸ್ನಾನ ಆಗ್ಬೇಕಲ" ಎಂದರು. ನಾನು ಅವರ ಮುಖ ನೋಡಿದೆ. ಅವರು ಒಲೆಯ ಮುಖ ನೋಡಿದರು.

ಇನ್ನೂ ಕತ್ತಲಿರುವಾಗಲೇ ಹೊರಟೆವು. ಬುಟ್ಟಿ ದೊಡ್ಡವಳ ತಲೆಯ ಮೇಲೆ. ಅದರ ಒಂದು ಮಗ್ಗುಲಲ್ಲಿ ಎರಡು ಜಡೆಯ ಹುಡುಗಿಯರ ಚಿತ್ತಾರವಿತ್ತು. ಅದು ಹಳೆಯ ಚಿತ್ತಾರಗಳಲ್ಲಿ ಇಲ್ಲದ್ದು, ಅತ್ತೆ ನೋಡಿಯೂ ಒರೆಸದೆ ಬಿಟ್ಟದ್ದು. ಟಾರ್ಚ್ ನನ್ನ ಕೈಲಿ. "ನಾ ಬರಲ್ಲ, ಒಲೆ ಮೇಲೆ ಕಡುಬಿದೆ" ಎಂದು ಅತ್ತೆ ಬಾಗಿಲಲ್ಲೇ ನಿಂತರು.

ಗದ್ದೆಬಯಲಿನ ತುಂಬ ಅಲ್ಲಲ್ಲಿ ಬೆಳಕು ಓಡಾಡುತ್ತಿತ್ತು. ಗಂಡಸರ ಹೂಯ್ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಪಕ್ಕದ ಗದ್ದೆಯಲ್ಲಿ ದೊಡ್ಡ ಮಾವನ ದನಿ ಕೇಳಿಸಿತು. ನಮ್ಮ ಟಾರ್ಚ್ ಕಂಡದ್ದೇ ಅದು ನಿಂತಿತು. ದೊಡ್ಡವಳು ಬುಟ್ಟಿ ಇಳಿಸಿ ಚರಗವನ್ನು ಹಿಡಿ ಹಿಡಿಯಾಗಿ ಭತ್ತದ ಮೇಲೆ ಚೆಲ್ಲಿದಳು, ಅಜ್ಜನಿಂದ ಕೇಳಿ ಕಲಿತ ಕರೆಯನ್ನು ಒಂದು ಸಾಲೂ ಬಿಡದೆ ಹೇಳಿದಳು. ಚಿಕ್ಕವಳು ಎರಡೂ ಕೈ ಬಾಯಿಯ ಸುತ್ತ ಹಿಡಿದು "ಹೂಯ್!" ಎಂದಳು.

ಬಯಲು ಗಪ್ಪಾಯಿತು. ಯಾರೂ ಹೂಯ್ ಕೊಡಲಿಲ್ಲ. ಹೆಣ್ಣುದನಿಗೆ ಹೂಯ್ ಕೊಡಬೇಕೋ ಬಾರದೋ ಎಂದು ಯಾರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಸುಮ್ಮನಿದ್ದರೋ. ನನಗೆ ಏನಂದರೂ ತಡೆದುಕೊಂಡೇನು, ಈ ಮಗುವಿನ ಕರೆಗೆ ಇಡೀ ಬಯಲು ಕಿವುಡಾದರೆ ಅದನ್ನು ಹೇಗೆ ಸಹಿಸಲಿ?

"ಕೇಳಿಸ್ಲಿಲ್ಲ ಅನ್ಸತ್ತೆ" ಎಂದು ಚಿಕ್ಕವಳು ಉಸಿರು ತುಂಬಿಕೊಂಡು ಇನ್ನೂ ಜೋರಾಗಿ ಕೂಗಿದಳು.

ಈ ಸಲ ಉತ್ತರ ಬಂತು. ಬೆನ್ನ ಹಿಂದಿನಿಂದ, ಒಡೆದ, ಅಭ್ಯಾಸವಿಲ್ಲದ ದನಿಯಲ್ಲಿ. ತಿರುಗಿ ಟಾರ್ಚ್ ಬಿಟ್ಟರೆ ಅಂಚಿನ ಮೇಲೆ ಅತ್ತೆ, ಸೀರೆ ಎತ್ತಿ ಕಟ್ಟಿ ನಿಂತಿದ್ದಾರೆ. ಅವರು ಇನ್ನೊಮ್ಮೆ "ಹೂಯ್" ಎಂದರು. ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಆಗ ಬಯಲಿನ ಆಚೆ ಕೊನೆಯಿಂದ ಯಾರೋ ಒಬ್ಬರು ಹೂಯ್ ಕೊಟ್ಟರು, ಆಮೇಲೆ ಇನ್ನೊಬ್ಬರು. ಕಟ್ಟಕಡೆಗೆ ಪಕ್ಕದ ಗದ್ದೆಯಿಂದಲೂ ಒಂದು ಬಂತು, ಗಂಟಲು ಸರಿಮಾಡಿಕೊಂಡು. ಬೇರೆ ದಾರಿಯೇ ಇರಲಿಲ್ಲ ಅವರಿಗೆ, ಊರೆಲ್ಲ ಕೊಟ್ಟಾಗಿತ್ತು.

ಬೆಳಕಾದ ಮೇಲೆ ಪೂಜೆ. ಅತ್ತೆ ತಮ್ಮ ತಾಳಿಯನ್ನು ಭತ್ತದ ಬುಡಕ್ಕೆ ತೊಡಿಸಿ ಕೈಮುಗಿದರು. ಗದ್ದೆಯಲ್ಲಿ ಒಂದು ಕಡುಬು ಹೂಳುವುದು ರೂಢಿ, ಕೊಯ್ಲಿನ ದಿನ ಅದನ್ನು ತೆಗೆಯಬೇಕು. ಅತ್ತೆ ಅದನ್ನು ಚಿಕ್ಕವಳ ಕೈಗೆ ಕೊಟ್ಟು, "ನೀನೇ ಹೂಳು. ಜಾಗ ನೆನಪಿಟ್ಕೋ. ಕೊಯ್ಲಿಗೆ ಬಂದು ನೀನೇ ತೆಗೀಬೇಕು" ಎಂದರು. ಅವಳು ಹೂತು, ಗುರುತಿಗೆ ಒಂದು ಕೋಲು ನೆಟ್ಟಳು.

ನಮ್ಮಲ್ಲಿ ಆ ದಿನದ ಊಟ ಗದ್ದೆಯಲ್ಲೇ, ಅಕ್ಕಪಕ್ಕದವರೆಲ್ಲ ಸೇರಿ. ದೊಡ್ಡ ಮಾವ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬಂದರು. ಎಲೆಯ ಮುಂದೆ ಕೂತು, ಚಿಕ್ಕವಳನ್ನು ಒಂದು ಗಳಿಗೆ ನೋಡಿ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರು: "ಏನೇ ಅನ್ನಿ, ಗಂಟ್ಲು ನಮ್ಮನೇದೇ. ನಮ್ಮಪ್ಪ ಹೂಯ್ ಅಂದ್ರೆ ಹಿಂಗೇ ಆಚೆ ಊರಿಗೆ ಕೇಳ್ತಿತ್ತು."

ಎಲ್ಲರೂ ಹೌದು ಹೌದೆಂದು ತಲೆ ಆಡಿಸಿದರು. ಅದು ರಾಜಿಯ ಮಾತು ಎಂದು ನನಗೂ ಗೊತ್ತು. ಜಾಣೆಯಾಗಿದ್ದರೆ ಸುಮ್ಮನಿರಬೇಕಿತ್ತು.

"ಇಲ್ಲ ದೊಡ್ಡ ಮಾವ" ಎಂದೆ. "ಗಂಟ್ಲು ನಂದು. ಇಷ್ಟು ವರ್ಷ ನೀವೇ ಹೇಳಿದ್ರಲ್ಲ. ಈಗ ವಾಪಸ್ ಕೊಡಲ್ಲ."

ಅತ್ತೆ ತಲೆ ಬಗ್ಗಿಸಿಕೊಂಡೇ ದೊಡ್ಡ ಮಾವನ ಎಲೆಗೆ ಇನ್ನೊಂದು ಕಡುಬು ಬಡಿಸಿದರು.