ಕಬಡ್ಡಿ ಅಂಗಳದಾಗ ಮುಳಗೂ ಹೊತ್ತು

ಮದುವಿ ಫೋಟೋ ತಗಿಯೂದಂದ್ರ ನನಗ ಭಾಳ ಬ್ಯಾಸರಕಿ. ಎಲ್ಲಾರೂ ಕಟಗಿ ಗೊಂಬಿ ಹಂಗ ನಿಂತು, "ಬಾಯಾರ, ಚಂದ ಬರ್ತೇವಲ್ರಿ?" ಅಂತಾರ. ನಿಂತಾವ್ರನ್ನ ಯಾರ್ ಬೇಕಾದ್ರೂ ತಗೀತಾರ, ಅದ್ರಾಗೇನೈತಿ?

ರಾಯಬಾಗದಾಗ ನಮ್ಮ ಮನಿಯವರದು ಸಣ್ಣ ಸ್ಟುಡಿಯೋ. ಮದುಮಗಳಿದ್ದ ಖೋಲಿಯೊಳಗ ಗಂಡಸರನ್ನ ಬಿಡತಿರಲಿಲ್ಲ ಅಂತ ಅವರು ನನಗ ಕ್ಯಾಮೆರಾ ಕಲಿಸಿದ್ರು. ಕಲಿಸಿದ ಮ್ಯಾಲ ಪಶ್ಚಾತ್ತಾಪ ಪಟ್ರು. ಯಾಕಂದ್ರ ಮದುವಿ ರೋಲಿನಾಗ ಉಳದ ನಾಕೈದು ಫ್ರೇಮ್ ಇಟಗೊಂಡು ನಾ ಐತವಾರ ಹುಡಿಗ್ಯಾರ ಕಬಡ್ಡಿಗೆ ಓಡತಿದ್ದೆ. ಒಬ್ಬಾಕಿ ಉಸರು ಕಟಗೊಂಡು ಏಳು ಮಂದಿ ನಡುವ ನುಗ್ಗತಾಳ. ಅವರು ಕಾಲ ಹಿಡೀತಾರ, ನಡಾ ಹಿಡೀತಾರ. ಈಕಿ ಹೊಟ್ಟಿ ಮ್ಯಾಲ ಎಳಕೋತ ನಡುಗೆರಿಗೆ ಕೈ ಚಾಚತಾಳ. ಆ ಮಾರಿ ನೋಡಬೇಕು! ನಂದು ದೂರದ್ದು ಹತ್ರ ತೋರಸೂ ಲೆನ್ಸ್ ಅಲ್ಲ, ಅದಕ್ಕ ಗೆರಿ ಬಾಜುಕ ಸೀರಿ ಮಡಚಿ ಮಣ್ಣಾಗ ಕುಂಡ್ರತಿದ್ದೆ.

"ಇವನ್ನ ಯಾರ್ ಕೊಳ್ತಾರ?" ಅಂತಿದ್ರು ಮನಿಯವರು.

"ಯಾರೂ ಬ್ಯಾಡ್ರಿ. ನನಗ ಖುಷಿ ಅಕ್ಕೈತಿ, ಸಾಕಲ್ಲ?"

ಆ ಆಟದಾಗ ನಮ್ಮ ತಂಗೀನೂ ಇದ್ಲು. ಕಾಲೇಜಿನ ಟೀಮಿನ್ಯಾಗ ರೇಡ್ ಹೋಗಾಕಿ ಅಂದ್ರ ಆಕೀನ. ನಮ್ಮ ತವರಮನಿ ಕಾಗವಾಡದ ಕಡಿ. ನಮ್ಮದು ಜೈನರ ಮನಿ, ಅಪ್ಪ ಹೊಲಾ ಮಾಡಾಂವ. ಹೊತ್ತು ಮುಳಗಿದ ಮ್ಯಾಲ ನಮ್ಮ ಮನ್ಯಾಗ ಊಟ ಇಲ್ಲ, ಅಪ್ಪ ಅಂತೂ ಹನಿ ನೀರೂ ಮುಟ್ಟಾಂವ ಅಲ್ಲ. ಆಟಕ್ಕ ಹೋದ ಹುಡಿಗ್ಯಾರು ರಾತ್ರಿ ತಿಂಡಿ ಗಾಡಿ ಮುಂದ ನಿಂತು ಕಂಡಿದ್ದು ತಿಂತಾರ ಅಂತ ಊರಾಗ ಮಂದಿ ಆಡಕೊಳ್ಳಾಕತ್ತಿದ್ರು. ಅದಕ್ಕ ಅಪ್ಪ ತಂಗಿಗಿ ಒಂದ ಮಾತು ಹೇಳಿದ್ದ: "ಆಡು, ಬ್ಯಾಡ ಅನ್ನಾಂಗಿಲ್ಲ. ಆದ್ರ ಹೊತ್ತು ಮುಳಗಿದ ಮ್ಯಾಲ ಬಾಯಾಗ ನೀರು ಬಿತ್ತು ಅಂದ್ರ ಅವತ್ತಿಗೇ ಆಟ ಬಂದ್."

ಅಪ್ಪ ಆಡಿದ ಮಾತು ತಿರಗಿಸಾಂವ ಅಲ್ಲ.

ರಾಯಬಾಗದಾಗ ಒಂದ್ ಮ್ಯಾಚು. ಮೂರಕ್ಕ ಸುರು ಆಗಬೇಕು. ಭಾಷಣಕ್ಕ ಕರದ ಪಾವಣ್ಯಾರು ಬರಲಿಲ್ಲ. ಬಂದ ಮ್ಯಾಲ ಭಾಷಣ ಮುಗಿಲಿಲ್ಲ. ಹಾಳಾಗ್ಲಿ ಅವರ ಭಾಷಣ! ಹುಡಿಗ್ಯಾರು ಬಿಸಲಾಗ ಸಾಲಾಗಿ ನಿಂತು ಬತ್ತಿ ಹೋದ್ರು. ಆಟ ಸುರು ಆದಾಗ ಸೂರ್ಯಾ ಆಗಲೇ ಕಬ್ಬಿನ ಹೊಲದ ಕಡಿ ಇಳ್ಯಾಕತ್ತಿದ್ದ. ನನಗೂ ಬೆಳಕ ಬೇಕು, ತಂಗಿಗೂ ಬೇಕು. ಫ್ಲ್ಯಾಶ್ ಹೊಡದ್ರ ಆಡವ್ರ ಕಣ್ಣು ಕುಕ್ಕತೈತಿ ಅಂತ ರೆಫ್ರಿ ಮೊದಲ ತಾಕೀತು ಮಾಡಿದ್ರು.

ಎರಡನೇ ಅರ್ಧದಾಗ ಮೂರು ಮಂದಿ ಕೂಡಿ ತಂಗೀನ ಕೆಡವಿದ್ರು. ತುಟಿ ಒಡದು ರಕ್ತ ಬಂತು. ಟೈಮ್ ತಗೊಂಡ್ರು. ಯಾರೋ ನೀರಿನ ಗ್ಲಾಸ್ ಕೈಯಾಗಿಟ್ರು, ಆಕಿ ಗೋಣ ಮ್ಯಾಲ ಎತ್ತಿ ಗಟಗಟ ಕುಡದ್ಲು. ಧೂಳು, ರಕ್ತ, ನೀರು ಕೂಡಿ ಕುತಗಿ ಮ್ಯಾಲ ಇಳ್ಯಾಕತ್ತಿತ್ತು. ನಾ ಹಿಂದ ಮುಂದ ನೋಡಲಿಲ್ಲ, ಕೊನೀ ಫ್ರೇಮ್ ಅದಕ್ಕ ಹೊಡದೆ. ಕ್ಯಾಮೆರಾ ಇಳಸೂದ್ರಾಗ ಮಂದಿ ಎದ್ದು ಅಡ್ಡ ನಿಂತ್ರು, ಸೂರ್ಯಾ ಕಾಣಲಿಲ್ಲ. ಆಕಿ ಕುಡಿಯೂ ಮುಂದ ಹೊತ್ತು ಮುಳಗಿತ್ತೋ, ಇನ್ನೂ ಇತ್ತೋ?

ಸಾಲಿ ಗ್ವಾಡಿ ನೆರಳಾಗ ನಮ್ಮ ತವರೂರ ಬಸದಿಯ ಹಿರ್ಯಾರೊಬ್ರು ನಿಂತಿದ್ರು, ಅಪ್ಪನ ಗೆಳ್ಯಾರು. "ಕುಡದ್ಲಲ್ಲವಾ ನಿನ್ನ ತಂಗಿ," ಅಂದ್ರು ನನಗ. ಅಷ್ಟ ಅಂದು ಬಸ್ಸಿನ ಕಡಿ ಹೊಂಟ ಬಿಟ್ರು. ನನಗ ಪಿತ್ತ ನೆತ್ತಿಗೇರಿತು. ಆಟ ನೋಡಾಕ ಬಂದೀರೋ, ಹುಡುಗಿ ಬಾಯಿ ಕಾಯಾಕ ಬಂದೀರೋ ಅಂತ ಕೇಳಬೇಕಾಗಿತ್ತು. ಹಿರ್ಯಾರು ಅಂತ ನಾಲಿಗಿ ಕಚ್ಚಿಕೊಂಡೆ.

ಮನಿಗೆ ಬಂದಾಕಿನ ಕತ್ತಲಖೋಲಿ ಹೊಕ್ಕು ರೋಲ್ ತೊಳದೆ. ಔಷಧದ ನೀರಾಗ ಕಾಗದ ಅಲಗಾಡಸ್ಕೋತ ನಿಂತೆ. ಮೊದಲ ಕಬ್ಬು ಮೂಡಿತು, ಆಮ್ಯಾಲ ತಂಗಿ ಕುತಗಿ, ಗ್ಲಾಸು. ಬೆಳಕು ಹಿಂದಿತ್ತಂತ ಮಾರಿ ಕಪ್ಪಾಗಿ ಬಂದಿತ್ತು. ಆದ್ರ ಆಕಿ ಭುಜದ ಮ್ಯಾಲ, ಕಬ್ಬಿನ ತುದಿಗಿಂತ ಎತ್ತರಕ್ಕ, ಸೂರ್ಯಾ ದುಂಡಗ ಇದ್ದ! "ಇದ್ದಾನ್ರೀ!" ಅಂತ ಚೀರಿದೆ. ಮನಿಯವರು ಕಳ್ಳ ಬಂದಾನಂತ ಓಡಿ ಬಂದ್ರು.

ಮರುದಿವಸ ಕುಡಚಿ ಮ್ಯಾಲಿಂದ ಬಸ್ ಹಿಡದು ತವರಿಗೆ ಹೋದ್ರ, ಸುದ್ದಿ ನನಗಿಂತ ಮೊದಲ ಮುಟ್ಟಿತ್ತು. ಅಪ್ಪ ಪಡಸಾಲ್ಯಾಗ ಕುಂತಿದ್ದ, ತಂಗಿ ಕಂಬಕ್ಕ ಆತು ನಿಂತಿದ್ಲು, ತುಟಿ ಬಾತಿತ್ತು. ನಾ ಫೋಟೋ ಹೊರಗ ತಗದು, "ನೋಡಪಾ, ಹೊತ್ತು ಮುಳಗಿಲ್ಲ. ಸೂರ್ಯಾನ ಸಾಕ್ಷಿ ಹೇಳಾಕತ್ತಾನ," ಅಂದೆ.

ಅಪ್ಪ ಕೈ ಚಾಚಿದ. ಅಷ್ಟರಾಗ ತಂಗಿ ಅಂದ್ಲು, "ಅಕ್ಕಾ, ಅದನ್ನ ಒಳಗಿಡು. ಅಪ್ಪಾ, ನಾ ಹೊತ್ತು ನೋಡೇ ಇಲ್ಲ. ಜೀವ ಹೋಗೂವಷ್ಟು ನೀರಡಿಕಿ ಆಗಿತ್ತು, ಕುಡದೆ. ಮುಳಗಿದ್ರೂ ಕುಡೀತಿದ್ದೆ."

ಹುಚ್ಚಿ! ನಾ ಮಾಡಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು. ಆಕೀ ಕಪಾಳಕ್ಕ ಎರಡು ಬಿಡಬೇಕು ಅನಿಸ್ತು, ಅಪ್ಪಿಕೊಂಡು ಅಳಬೇಕೂ ಅನಿಸ್ತು. ಅಪ್ಪ ಫೋಟೋ ನೋಡಿದ, ಆಕೀನ್ನ ನೋಡಿದ.

"ನಾಳೆ ಉಪಾಸ ಇರು," ಅಂದ. ಎದ್ದು ಹೊಲಕ್ಕ ಹೋದ.

ಆಟದ ಮಾತ ತಗೀಲಿಲ್ಲ. ಆಡು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ತಂಗಿ ಕೇಳಲಿಲ್ಲ. ಕೇಳಿದ್ರ ಏನ್ ಬರತೈತೋ ಅಂತ ಅಂಜಿಕಿ. ನಿಪ್ಪಾಣಿ ಮ್ಯಾಚಿಗೆ ಅಪ್ಪನ ಮುಂದಿನಿಂದನ ಚೀಲ ಹೊತ್ತು ಹೊಂಟ್ಲಂತ, ಅವ ತಲಿ ಎತ್ತಲಿಲ್ಲಂತ.

ನಿಪ್ಪಾಣ್ಯಾಗ ನಾ ಗೆರಿ ಬಾಜುಕ ಕುಂತಿದ್ದೆ. ಆಟಕ್ಕ ರಂಗ ಏರಿತ್ತು, ಎರಡೂ ಕಡಿ ಪಾಯಿಂಟು ಸಮ. ಮಂದಿ ನಡುವ ಬಿಳೇ ಟೊಪ್ಪಿಗಿ ಕಾಣಿಸ್ತು. ಅಪ್ಪ! ಅವನೆಂದೂ ಆಟಕ್ಕ ಬಂದಾಂವ ಅಲ್ಲ. ಕೈ ಹಿಡದು ಎಳಕೊಂಡ ಹೋಗಾಕ ಬಂದಾನ, ಮುಗೀತು ಅಂದಕೊಂಡೆ. ತಂಗಿ ನೋಡಿದ್ಲು. ನೋಡಿದ್ರೂ ರೇಡ್ ಹೋದ್ಲು, ಒಬ್ಬಾಕೀನ ಮುಟ್ಟಿ ತಿರಗಿ ಬಂದ್ಲು. ನನ್ನ ಫೋಟೋ ಹಾಳಾಗಿ ಹೋತು, ಯಾಕಂದ್ರ ನಾ ಅಪ್ಪನ ಕಡೇನ ನೋಡಾಕತ್ತಿದ್ದೆ.

ಅಪ್ಪ ಆಟ ನೋಡತಿರಲಿಲ್ಲ. ಸೂರ್ಯಾನ್ನ ನೋಡತಿದ್ದ. ಕೆಂಪಾಗಿ ಇಳದಾಗ ಸೀದಾ ಗೆರಿತನಕ ಬಂದ. ಕೈಯಾಗ ಅರಬಿ ಕಟ್ಟಿದ ತಂಬಿಗಿ ಇತ್ತು.

"ಯಜಮಾನ್ರ, ಹಿಂದ ಸರೀರಿ," ಅಂದ್ರು ರೆಫ್ರಿ.

"ಹೊತ್ತು ಮುಳಗಾಕತ್ತೈತ್ರಿ. ಶೀಟಿ ಊದ್ರಿ. ನನ್ನ ಮಗಳು ನೀರು ಕುಡೀಬೇಕು."

ಮಂದಿ ನಕ್ಕರು. ಅಪ್ಪ ನಿಂತಲ್ಲಿಂದ ಹಂದಲಿಲ್ಲ. ತಂಗಿ ಟೀಮಿನ ಕ್ಯಾಪ್ಟನ್ ಟೈಮ್ ಕೇಳಿದ್ಲು. ಅಪ್ಪ ಮನಿಯಿಂದ ಸೋಸಿ ತಂದ ನೀರನ್ನ ಮಗಳ ಬೊಗಸಿಗೆ ಸುರವಿದ. ಆಕಿ ಅಳಕೋತ ಕುಡದ್ಲು, ತಂಬಿಗಿ ಖಾಲಿ ಆಗೂತನಕ ಕುಡದ್ಲು. "ಸಾಕ? ಇನ್ನ ಹೋಗು," ಅಂದ. ಅಷ್ಟರಾಗ ಹೊತ್ತು ಮುಳಗಿತು. ಕೊನೀ ರೇಡಿನ್ಯಾಗ ತಂಗೀನ ಹಿಡದ್ರು, ನಮ್ಮವರು ಒಂದು ಪಾಯಿಂಟಿಗೆ ಸೋತ್ರು.

ಬಸ್ಸಿನ್ಯಾಗ ಅಪ್ಪ ನಮ್ಮಿಬ್ಬರ ನಡುವ ಕುಂತಿದ್ದ. ಒಣಗಿದ ತುಟಿ ಸವರಿಕೋತಿದ್ದ. ಹೊರಗಿನ ನೀರು ಅವ ಮುಟ್ಟಾಂವಲ್ಲ, ತಂದದ್ದು ಅದೊಂದ ತಂಬಿಗಿ.

"ಅಪ್ಪಾ, ನೀ ಯಾವಾಗ ಕುಡದಿ?" ಅಂತ ಕೇಳಿದೆ.

"ಮುಂಜಾನೆ, ಮನ್ಯಾಗ."

ಇನ್ನ ನಾಳೆ ಹೊತ್ತು ಹುಟ್ಟೂತನಕ ಅವಗ ನೀರಿಲ್ಲ. ತಂಗಿ ಮಾರಿ ಕಿಡಕಿ ಕಡಿ ತಿರವಿದ್ಲು. ಬಸ್ಸು ಚಿಕ್ಕೋಡಿ ದಾಟಿತು. ಅಪ್ಪ ತಾನ ಕೇಳಿದ, "ಮುಂದಿನ ಆಟ ಎಲ್ಲೈತಿ?"

"ಅಥಣ್ಯಾಗ," ಅಂದ್ಲು ತಂಗಿ.

"ದೊಡ್ಡ ತಂಬಿಗಿ ತರಬೇಕು," ಅಂದ ಅಪ್ಪ.