ಬಿಡುಗಡೆ ಕೇಳಿದ ಬಿಷಪ್

ಚಳ್ಳಕೆರೆಯ ಕಾಲೇಜಿನಲ್ಲಿ ನಾನು ಯುರೋಪಿನ ಚರಿತ್ರೆ ಪಾಠ ಮಾಡುತ್ತೇನೆ. ಹದಿನಾರನೆಯ ಶತಮಾನದ ಪ್ರತಿಸುಧಾರಣೆಯ ಅಧ್ಯಾಯ ಬಂದಾಗಲೆಲ್ಲ ಪಠ್ಯದಲ್ಲಿಲ್ಲದ ಒಬ್ಬ ಬಿಷಪ್ಪನ ಕಥೆ ಹೇಳುವುದು ನನ್ನ ರೂಢಿ. ನನ್ನ ಸಂಶೋಧನೆಯೂ ಅವನ ಮೇಲೆಯೇ. ಇಟಲಿಯ ಸಿರಿವಂತ ಮನೆತನದ ಎರಡನೆಯ ಮಗ. ಕುದುರೆ, ಬೇಟೆನಾಯಿ, ಹಾಡು ಅಂತ ಇದ್ದವನು. ಬಿಷಪ್ ಪೀಠ ಅವರ ಮನೆಯ ಕೈಯಲ್ಲೇ ಇತ್ತು. ಬಿಷಪ್ಪನಾಗಿದ್ದ ಚಿಕ್ಕಪ್ಪ ಸತ್ತಾಗ ಮನೆಯವರು ಇವನನ್ನು ಹಿಡಿದು ಅಲ್ಲಿ ಕೂರಿಸಿದರು. ಹಿಂದೆಲ್ಲ ಅಂಥವರು ರೋಮಿನಲ್ಲಿ ಹಾಯಾಗಿದ್ದು ಆದಾಯ ಮಾತ್ರ ತರಿಸಿಕೊಳ್ಳುತ್ತಿದ್ದರು. ಪ್ರೊಟೆಸ್ಟೆಂಟರ ಟೀಕೆಗೆ ಎಚ್ಚೆತ್ತ ಚರ್ಚು ಆಗಷ್ಟೇ ಬಿಗಿ ಮಾಡಿತ್ತು: ಬಿಷಪ್ಪನಾದವನು ತನ್ನ ಪ್ರಾಂತ್ಯದಲ್ಲೇ ವಾಸಿಸಬೇಕು. ಅವನು ನಾಯಿಗಳನ್ನು ಗೆಳೆಯರಿಗೆ ಕೊಟ್ಟು ಬೆಟ್ಟದೂರಿಗೆ ಹೋದ. ಬಿಡುಗಡೆ ಕೊಡಿ ಎಂದು ಪೋಪರನ್ನು ಮತ್ತೆ ಮತ್ತೆ ಬೇಡಿಕೊಂಡ. ಸಿಗಲಿಲ್ಲ.

"ಓಡಿ ಹೋಗ್ಬೋದಿತ್ತಲ್ಲ ಸಾರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು.

"ದೈವಭಕ್ತಿ ಇತ್ತಮ್ಮ ಅವನಿಗೆ" ಎಂದುಬಿಟ್ಟಿದ್ದೆ.

ನಮ್ಮದು ಮೊಳಕಾಲ್ಮೂರು ಸೀಮೆಯ ಹಟ್ಟಿ, ಕುರಿ ಕಾಯುವ ಮಂದಿ. ಕುಲದೇವರ ಪೂಜೆ ನಮ್ಮ ಮನೆಗೇ ಸೇರಿದ್ದು. ಅದನ್ನು ಅಣ್ಣ ಮಾಡುತ್ತಿದ್ದ. ಅವನು ಎದೆನೋವಿನಿಂದ ಹಠಾತ್ತನೆ ತೀರಿಕೊಂಡ. ಅವನಿಗಿದ್ದವರಿಬ್ಬರೂ ಹೆಣ್ಣುಮಕ್ಕಳು. ಕರ್ಮ ಕಳೆದ ಮೇಲೆ ಹಟ್ಟಿಯ ಯಜಮಾನನಾದ ದೊಡ್ಡಪ್ಪ ನನ್ನನ್ನು ಗುಡಿಯ ಮುಂದೆ ಕೂರಿಸಿಕೊಂಡ.

"ನಾನು ಓದಿದೋನು ದೊಡ್ಡಪ್ಪ, ನನ್ನ ಬಿಟ್ಬಿಡ್ರಿ. ನಂಗೆ ಇವೆಲ್ಲ ಬರಲ್ಲ."

"ಬರೋದೇನೈತಲೇ ಅದ್ರಾಗೆ? ನಿಮ್ಮಣ್ಣಗೂ ಬರ್ತಿರ್ಲಿಲ್ಲ."

ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ಪೂಜೆ ನನ್ನ ಹೆಗಲಿಗೆ ಬಿತ್ತು. ಪೂಜಾರಿ ಕಾಲಿಗೆ ಚಪ್ಪಲಿ ಹಾಕುವಂತಿಲ್ಲ. ಹೋಟೆಲಿನಲ್ಲಿ ನೀರು ಸಹ ಮುಟ್ಟುವಂತಿಲ್ಲ. ಸಂಜೆ ಗುಡಿಯಲ್ಲಿ ದೀಪ ಹಚ್ಚಬೇಕು, ಹಟ್ಟಿ ಬಿಟ್ಟು ಬೇರೆಲ್ಲೂ ಮಲಗುವಂತಿಲ್ಲ. ನನ್ನ ಹೆಂಡತಿ ಚಳ್ಳಕೆರೆಯ ಆಸ್ಪತ್ರೆಯಲ್ಲಿ ನರ್ಸ್, ಹೆರಿಗೆ ವಾರ್ಡಿನವಳು. ಹೆರಿಗೆ ಮುಟ್ಟಿದ ಕೈ ಪೂಜಾರಿಯ ಮನೆಗೆ ಆಗದು ಎಂದರು. ಅವಳು ಚಳ್ಳಕೆರೆಯಲ್ಲೇ ಉಳಿದಳು, ನಾನು ಹಟ್ಟಿಗೆ ಬಂದೆ. ಬರಿಗಾಲಲ್ಲಿ ಬಸ್ಸು ಹತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಸ್ಟ್ಯಾಂಡಿನ ಡಾಂಬರು ಅಂಗಾಲಿಗೆ ಅಂಟುತ್ತಿತ್ತು. ಮಧ್ಯಾಹ್ನ ಹೆಂಡತಿ ಗೇಟಿನ ಬಳಿ ಬಂದು ನಿಲ್ಲುತ್ತಿದ್ದಳು. ಇಬ್ಬರೂ ಬೇವಿನ ನೆರಳಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದ ಮೇಲೆ, ಹಟ್ಟಿಯ ಕಡೆ ಹೋಗುವ ಬಿ.ಜಿ. ಕೆರೆ ಮಾರ್ಗದ ಬಸ್ಸಿಗೆ ನಾನು ಹೊರಡುತ್ತಿದ್ದೆ.

ಹೀಗಿರುವಾಗ ಅವಳಿಗೆ ಗರ್ಭಕೋಶದ ಆಪರೇಷನ್ ಆಯಿತು, ಚಿತ್ರದುರ್ಗದಲ್ಲಿ. ಸಂಜೆಯಾಗುತ್ತಲೇ ಮಂಪರಿನಲ್ಲೇ ಹೇಳಿದಳು: "ಹೊರಡ್ರಿ, ಬಸ್ಸು ತಪ್ಪುತ್ತೆ."

ನಾನು ಹೊರಡಲಿಲ್ಲ. ಕ್ಯಾಂಟೀನಿನಿಂದ ಇಡ್ಲಿ ತಂದು ಅವಳ ಮಂಚದ ಪಕ್ಕದಲ್ಲೇ ತಿಂದೆ. ಆ ದಿನ ನನಗೆ ಭಯವಾಗಲಿಲ್ಲ. ಇನ್ನು ನನ್ನನ್ನು ಗುಡಿಯಿಂದ ಹೊರಗೆ ಹಾಕುತ್ತಾರೆ ಎಂಬ ಆಸೆ ಇತ್ತು.

ಮರುದಿನ ಹಟ್ಟಿಗೆ ಹೋದಾಗ ಹಿರಿಯರೆಲ್ಲ ಗುಡಿಯ ಮುಂದೆ ಕೂತಿದ್ದರು. ಮಾಡಿದ್ದನ್ನೆಲ್ಲ ಹೇಳಿದೆ, ಇಡ್ಲಿ ತಿಂದದ್ದನ್ನೂ. ದೊಡ್ಡಪ್ಪ ಎದ್ದು ಬಂದು ನನ್ನ ತಲೆಯ ಮೇಲೆ ತಣ್ಣೀರು ಸುರಿದ, ನಾಲಿಗೆಗೆ ತೀರ್ಥ ಬಿಟ್ಟ.

"ಹೆಂಡ್ತಿ ಹೆಂಗವ್ಳೆ?"

"ಅಡ್ಡಿಯಿಲ್ಲ."

"ಸರಿ. ಒಳಗ್ ಹೋಗು, ಹೊತ್ತಾಗೈತೆ."

ಅಷ್ಟೇ. ಒಬ್ಬರೂ ಬಯ್ಯಲಿಲ್ಲ. ಒದ್ದೆ ಬಟ್ಟೆಯಲ್ಲೇ ಗುಡಿಯ ಹೊಸ್ತಿಲು ದಾಟಿದೆ.

ಬಿಷಪ್ಪನೂ ಒಮ್ಮೆ ಅಪ್ಪಣೆಯಿಲ್ಲದೆ ಪ್ರಾಂತ್ಯ ಬಿಟ್ಟು, ಕಾಯಿಲೆ ಬಿದ್ದ ತಂಗಿಯ ಬಳಿಗೆ ಹೋಗಿದ್ದ. ಪೀಠದಿಂದ ಇಳಿಸುತ್ತಾರೆ ಎಂದುಕೊಂಡಿದ್ದನೇನೋ. ಉಪವಾಸದ ಸಣ್ಣ ಪ್ರಾಯಶ್ಚಿತ್ತ ವಿಧಿಸಿ, ಕ್ಷಮಿಸಿ, ಮತ್ತೆ ಅಲ್ಲಿಗೇ ಕಳಿಸಿದರು. ಸಾಯುವವರೆಗೂ ಅವನು ಅಲ್ಲೇ ಇದ್ದ. ನಾನು ಅದನ್ನು ತರಗತಿಯಲ್ಲಿ ಚರ್ಚಿನ ಕರುಣೆ ಎಂದು ವಿವರಿಸುತ್ತಿದ್ದೆ. ಈಗ ಆ ಭಾಗ ಬಂದರೆ ಬೇಗ ಮುಗಿಸುತ್ತೇನೆ.

ಹೋದ ವರ್ಷ ಹೆಂಡತಿ ನನ್ನನ್ನು ಕೇಳದೆಯೇ ಹೆರಿಗೆ ವಾರ್ಡು ಬಿಟ್ಟು, ಮೊಳಕಾಲ್ಮೂರಿಗೆ ವರ್ಗ ಮಾಡಿಸಿಕೊಂಡಳು. ಈಗ ಮಕ್ಕಳಿಗೆ ಲಸಿಕೆ ಹಾಕುತ್ತಾಳೆ, ನಮ್ಮ ಹಟ್ಟಿಯಲ್ಲೇ ಇರುತ್ತಾಳೆ. ಬಂದ ಮೊದಲ ದಿನ ಅವಳು ತನ್ನ ಚಪ್ಪಲಿಯನ್ನು ಹಟ್ಟಿಯ ಬೇಲಿಯಾಚೆ ಬಿಟ್ಟು ಬಂದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.