ಶುಕ್ರವಾರದ ಆಕ್ಷೇಪ

ಥಾರ್ನ್‌ಬೆಕ್ಕಿನ ಹಳೇ ಮಾರ್ಕೆಟ್ಟಿನಲ್ಲಿ ನೋರಾ ಹಾವರ್ತಳ ಗಂಟಲಿಗೆ ಸರಿಸಾಟಿ ಇರಲಿಲ್ಲ. ಅಪ್ಪನಿಂದ ಬಂದ ಚೀಸ್ ಅಂಗಡಿಯ ಹಿಂದೆ ನಿಂತು ಅವಳು ಒಂದು ಸಲ ಕೂಗಿದರೆ, ರೈಲಿನಿಂದ ಇಳಿಯುತ್ತಿದ್ದವರಿಗೂ ಅವತ್ತಿನ ರೇಟು ಗೊತ್ತಾಗುತ್ತಿತ್ತು. ಎದುರಿಗೇ ಬೆರಿಲ್ ಟಾಟರ್ಸಾಲಳ ಬೋಟಿ ಅಂಗಡಿ. ಇಪ್ಪತ್ತಾರು ವರ್ಷ ಇಬ್ಬರೂ ಎದುರುಬದುರು ನಿಂತು ವ್ಯಾಪಾರ ಮಾಡಿದರು, ಜಗಳ ಆಡಿದರು, ಒಂದೇ ಕೆಟಲಿನ ಚಹಾ ಕುಡಿದರು.

"ಗಂಡನ ಗೊರಕೇನ ಇಷ್ಟು ವರ್ಷ ತಡ್ಕೊಂಡಿದೀನಿ ಅಂದ್ರೆ ಅದು ನಿನ್ನ ದಯೆ ಕಣೇ" ಎನ್ನುತ್ತಿದ್ದಳು ಬೆರಿಲ್. "ಹಗಲೆಲ್ಲ ನಿನ್ನ ಕೂಗು ಕೇಳಿದೋಳಿಗೆ ರಾತ್ರಿ ಗೊರಕೆ ಜೋಗುಳ ಇದ್ದಂಗೆ."

ನೋರಾಳನ್ನು ಚುನಾವಣೆಗೆ ತಳ್ಳಿದವಳೂ ಬೆರಿಲ್ಲೇ. ಪಕ್ಷಕ್ಕೆ ಆ ಕ್ಷೇತ್ರದಲ್ಲಿ ಗೆಲ್ಲುವ ಆಸೆ ಇರಲಿಲ್ಲ, ಬಲಿ ಕೊಡಲು ಒಂದು ಕುರಿ ಬೇಕಿತ್ತು ಅಷ್ಟೆ. ಕುರಿ ಗೆದ್ದುಬಿಟ್ಟಿತು. ನೋರಾ ಏಪ್ರನ್ ಬಿಚ್ಚಿಟ್ಟು, ಅಂಗಡಿಯನ್ನು ತಂಗಿಯ ಕೈಗೆ ಕೊಟ್ಟು, ಲಂಡನ್ನಿನ ಪಾರ್ಲಿಮೆಂಟಿಗೆ ಹೋಗಿ ಆಳುವ ಪಕ್ಷದ ಹಿಂದಿನ ಬೆಂಚಿನಲ್ಲಿ ಕೂತಳು.

ಹಿಂದಿನ ಬೆಂಚಿನವರಿಗೆ ಪದವಿ ಇಲ್ಲ, ಕಾರಿಲ್ಲ. ಇರುವುದು ಪ್ರಶ್ನೆ ಒಂದೇ. ನೋರಾ ಅದನ್ನೇ ಚೀಸ್ ಕತ್ತರಿಸುವ ತಂತಿಯಂತೆ ಬಳಸಿದಳು. ಮಾರ್ಕೆಟ್ಟಿನ ಕಡೆಗಿದ್ದ ಬಸ್ಸನ್ನು ನಿಲ್ಲಿಸಿದ ಮಂತ್ರಿ "ಪರಿಶೀಲಿಸುತ್ತೇವೆ" ಎಂದರೆ, "ಯಾವಾಗ?" ಎಂದು ಎದ್ದಳು. ಮುಂದಿನ ತಿಂಗಳೂ ಅದೇ, ಅದರ ಮುಂದಿನ ತಿಂಗಳೂ ಅದೇ. ಕೊನೆಗೆ ಬಸ್ಸು ಬಂತು, ಮಂತ್ರಿ ಅವಳನ್ನು ಕಂಡರೆ ದಾರಿ ಬದಲಿಸುವುದನ್ನು ಕಲಿತ. ತನ್ನದೇ ಪಕ್ಷದ ಮಂತ್ರಿ! ಬೇಕರಿಯವನಿಗೆ ಹೊಸ ತೆರಿಗೆ ಬಂತೆಂದರೆ ನೋರಾ, ಚಮ್ಮಾರನ ಅಂಗಡಿಯ ಮುಂದೆ ರಸ್ತೆ ಅಗೆದು ಹಾಗೇ ಬಿಟ್ಟರೆಂದರೆ ನೋರಾ. ಶನಿವಾರ ಊರಿಗೆ ಬಂದು, ಬೆರಿಲ್ ವಿನೆಗರ್ ಚಿಮುಕಿಸಿ ಕೊಟ್ಟ ತಣ್ಣನೆ ಬೋಟಿಯನ್ನು ನಿಂತಲ್ಲೇ ತಿನ್ನುತ್ತ ಎಲ್ಲರ ದೂರು ಕೇಳುತ್ತಿದ್ದಳು.

ಹೀಗಿರುವಾಗ ಮಾರ್ಕೆಟ್ ಕಟ್ಟಡವನ್ನು ಮಾರುವ ಸುದ್ದಿ ಬಂತು. ನೋರಾ ಒಂದು ಮಸೂದೆ ಬರೆದಳು. ಯಾವುದೇ ಊರಿನ ಹಳೇ ಮಾರ್ಕೆಟ್ಟನ್ನು ಯಾರೇ ಕೊಳ್ಳಲಿ, ಯಾರೇ ಕೆಡವಿ ಕಟ್ಟಲಿ, ಅಲ್ಲಿದ್ದ ಅಂಗಡಿಯವರಿಗೆ ಅವರವರ ಜಾಗವನ್ನು ಹಳೇ ಬಾಡಿಗೆಗೇ ಮರಳಿ ಕೊಡಬೇಕು. ಅಷ್ಟೇ. ಬರೆದದ್ದು ಒಂದೂವರೆ ಪುಟ, ಅದಕ್ಕಾಗಿ ಸವೆದದ್ದು ಎರಡು ವರ್ಷ.

ಹಿಂದಿನ ಬೆಂಚಿನವರ ಮಸೂದೆಗಳಿಗೆ ಶುಕ್ರವಾರವೇ ಗತಿ. ಎರಡೂವರೆಗೆ ಚರ್ಚೆ ನಿಲ್ಲುತ್ತದೆ, ಉಳಿದ ಮಸೂದೆಗಳ ಹೆಸರನ್ನು ಮಾತ್ರ ಒಂದೊಂದಾಗಿ ಓದುತ್ತಾರೆ. ಎಲ್ಲರೂ ಸುಮ್ಮನಿದ್ದರೆ ಮಸೂದೆ ಮುಂದಕ್ಕೆ ಹೋಯಿತು. ಯಾರಾದರೂ ಒಬ್ಬರು "ಆಕ್ಷೇಪ" ಎಂದರೆ ಮುಗಿಯಿತು. ಏಳಬೇಕಿಲ್ಲ, ಕಾರಣ ಹೇಳಬೇಕಿಲ್ಲ, ಕಡತದಲ್ಲಿ ಹೆಸರೂ ಬರುವುದಿಲ್ಲ. ಕೊಂದವನು ಯಾರೆಂದು ಬರೆದಿಡದ ಕೊಲೆ ಅದು.

ಬೇಸಿಗೆಯಲ್ಲಿ, ಆ ಅಧಿವೇಶನದ ಕೊನೆಯ ಶುಕ್ರವಾರ ನೋರಾಳ ಮಸೂದೆಯ ಹೆಸರು ಓದಿದರು. "ಆಕ್ಷೇಪ" ಎಂದಿತು ಒಂದು ಗಂಡುಧ್ವನಿ, ಆಕಳಿಕೆಯ ಮಧ್ಯೆ. ನೋರಾ ಕತ್ತು ಚಾಚಿ ನೋಡಿದಳು. ಪಿಯರ್ಸ್ ಲಾಂಗ್‌ಡನ್. ಸದಸ್ಯರನ್ನು ಸರ್ಕಾರದ ದಾರಿಗೆ ತರುವ ಸಚೇತಕ, ಅವಳದೇ ಪಕ್ಷದವನು. ಅವನು ಪೆಪ್ಪರ್ಮಿಂಟ್ ಒಂದನ್ನು ಬಿಚ್ಚಿ ಬಾಯಿಗೆ ಹಾಕಿಕೊಂಡು ರೈಲು ಹಿಡಿಯಲು ಎದ್ದು ಹೋದ.

ಚಳಿ ಬೀಳುವ ಮುಂಚೆ ಮಾರ್ಕೆಟ್ಟು ಹೋಯಿತು. ಈಗ ಅಲ್ಲಿ ಗಾಜಿನ ಬಾಗಿಲು, ಒಳಗೆ ಜಿಮ್ಮು. ಅಂಗಡಿಯವರು ಕಾರು ನಿಲ್ಲಿಸುವ ಬಯಲಿಗೆ ಬಂದು ಟಾರ್ಪಾಲು ಕಟ್ಟಿಕೊಂಡರು. ನೋರಾಳ ತಂಗಿ ಚೀಸ್ ಅಂಗಡಿಯನ್ನೇ ಮುಚ್ಚಿದಳು. ಬೆರಿಲ್ ಮಾತ್ರ ಗಾಳಿಗೆ, ಮಳೆಗೆ, ಮಂಜಿನಂಥ ನೀರಿನಲ್ಲಿ ಬೋಟಿ ತೊಳೆಯುತ್ತ ನಿಂತಳು. ಬೆರಳ ಗೆಣ್ಣುಗಳು ಊದಿ, ಚಾಕು ಹಿಡಿಯುವುದೇ ಕಷ್ಟವಾಯಿತು. ಅವಳ ಕೈ ನೋಡಿದಾಗಲೆಲ್ಲ ನೋರಾಳಿಗೆ ಆ ಪೆಪ್ಪರ್ಮಿಂಟಿನ ಕಾಗದದ ಸದ್ದು ಕೇಳುತ್ತಿತ್ತು. ಅವನನ್ನು ಬಿಡುವುದಿಲ್ಲ ಎಂದು ಅವಳು ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡಿದ್ದಳು. ಸದನದ ರೂಢಿಯಂತೆ ಅವನನ್ನು "ನನ್ನ ಗೌರವಾನ್ವಿತ ಸ್ನೇಹಿತರು" ಎಂದು ಕರೆಯಬೇಕಾಗಿ ಬಂದಾಗ, ಆ ಮಾತನ್ನು ಬಾಯಿಂದ ಉಗುಳುತ್ತಿದ್ದಳು.

ಕಾಲಚಕ್ರ ತಿರುಗಿ ಲಾಂಗ್‌ಡನ್ನನ ಪದವಿ ಹೋಯಿತು. ಅವನೂ ಹಿಂದಿನ ಬೆಂಚಿಗೆ ಬಂದು ಬಿದ್ದ. ಕಡಲ ತೀರದ ಅವನ ಊರಿನಲ್ಲಿ ಮೀನು ಮಾರ್ಕೆಟ್ಟು ಮಾರಾಟಕ್ಕೆ ಬಂತು, ಚುನಾವಣೆಯೂ ಹತ್ತಿರ ಬಂತು. ಒಂದು ಮಧ್ಯಾಹ್ನ ಸದನದ ಚಹಾದ ಕೋಣೆಯಲ್ಲಿ ತಟ್ಟೆ ಹಿಡಿದು ನೋರಾಳ ಎದುರಿಗೇ ಬಂದು ಕೂತ.

"ನಾನ್ಸಿ, ನೀವು ಅಂಗಡಿಯವರ ಕಡೆಯವರು ಅಂತ ಕೇಳಿದೀನಿ. ನಂದೊಂದು ಬಿಲ್ ಇದೆ, ಸ್ವಲ್ಪ ನೋಡ್ತೀರಾ? ಹಳೇ ಕಾಗದಗಳಲ್ಲಿ ಯಾರದೋ ಬಿದ್ದಿತ್ತು. ಚೆನ್ನಾಗಿದೆ ರೀ. ಪಾಪ, ಯಾಕೋ ಪಾಸೇ ಆಗಿಲ್ಲ."

ನೋರಾ ನೋಡಿದಳು. ಅವಳದೇ ಒಂದೂವರೆ ಪುಟ, ಅಲ್ಪವಿರಾಮವೂ ಬದಲಾಗಿರಲಿಲ್ಲ. ಐದು ವರ್ಷದೊಳಗೆ ಮಾರಿಹೋದ ಮಾರ್ಕೆಟ್ಟುಗಳಿಗೂ ಅನ್ವಯಿಸುತ್ತದೆ ಎಂಬ ಒಂದು ಸಾಲನ್ನು ಸೇರಿಸಿದ್ದ. ಎಂದರೆ ಥಾರ್ನ್‌ಬೆಕ್ಕಿಗೂ. ಅವನು ನೆನಪಿಟ್ಟುಕೊಂಡು ಅಣಕಿಸಲು ಬಂದಿದ್ದರೂ ಅವಳು ಸಹಿಸುತ್ತಿದ್ದಳು. ಅವನಿಗೆ ನೆನಪೇ ಇರಲಿಲ್ಲ. ಮಸೂದೆ ಯಾರದೆಂದೂ ಗೊತ್ತಿಲ್ಲ, ಕೊಂದವನು ತಾನೆಂದೂ ಗೊತ್ತಿಲ್ಲ. ತನ್ನ ಹೆಸರು ನಾನ್ಸಿ ಅಲ್ಲ ಎಂದು ಕೂಡ ನೋರಾ ಹೇಳಲಿಲ್ಲ.

ಶನಿವಾರ ಟಾರ್ಪಾಲಿನ ಕೆಳಗೆ ಬೆರಿಲ್‌ಗೆ ಎಲ್ಲ ಹೇಳಿದಳು.

"ಅವನ ಬಿಲ್ಲಿಗೆ ನಾನು ಮಣ್ಣು ಹಾಕ್ತೀನಿ ನೋಡ್ತಿರು."

ಬೆರಿಲ್ ಊದಿದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. "ಹಾಕೀಯಾ, ಹುಚ್ಚಿ! ಸೈತಾನನೇ ಬಂದು ಕೊಟ್ರೂ ಎರಡೂ ಕೈಲಿ ಈಸ್ಕೋತೀನಿ ಕಣೇ. ಇನ್ನೊಂದು ಚಳಿಗಾಲ ಈ ಬಯಲಲ್ಲಿ ನಿಲ್ಲೋಕೆ ನನ್ನ ಕೈಲಾಗಲ್ಲ."

"ನಿನಗೆ ಅವನ ಮೇಲೆ ಸಿಟ್ಟಿಲ್ವಾ?"

"ಇದೆ. ಮೊದ್ಲು ನಮ್ಮ ಜಾಗ ಸಿಗ್ಲಿ, ಅಲ್ಲಿ ಬಿಸಿನೀರಿನ ನಲ್ಲಿ ಹತ್ರ ನಿಂತು ಸಿಟ್ಟು ಮಾಡ್ಕೋತೀನಿ. ಸುಮ್ಮನೆ ಇರ್ತೀನಿ ಅಂತ ಮಾತು ಕೊಡು."

ನೋರಾ ಮಾತು ಕೊಟ್ಟಳು. ಮನಸ್ಸಿಟ್ಟೇ ಕೊಟ್ಟಳು, ಅದರಲ್ಲಿ ಮೋಸ ಇರಲಿಲ್ಲ.

ಮತ್ತೆ ಅಧಿವೇಶನದ ಕೊನೆಯ ಶುಕ್ರವಾರ. ಊರಲ್ಲಿ ಅಂಗಡಿಯವರೆಲ್ಲ ಬಯಲಿನ ಮೂಲೆಯ ಹೋಟೆಲಿನಲ್ಲಿ ಟೀವಿಯ ಮುಂದೆ ಸೇರಿದ್ದರು. ಸದನದಲ್ಲಿ ಹತ್ತು ಹನ್ನೆರಡು ಜನ, ಅರ್ಧ ನಿದ್ದೆಯಲ್ಲಿ. ನೋರಾ ತುಟಿ ಬಿಗಿದು ಕೂತಿದ್ದಳು. ಹೆಸರುಗಳನ್ನು ಓದಲು ಶುರುಮಾಡಿದರು. ಮುಂದಿನ ಸಾಲಿನಲ್ಲಿದ್ದ ಲಾಂಗ್‌ಡನ್ ಆಗ ತಿರುಗಿದ. ಪೆಪ್ಪರ್ಮಿಂಟ್ ಚೀಪುತ್ತಲೇ ಕಣ್ಣು ಮಿಟುಕಿಸಿ, "ಥ್ಯಾಂಕ್ಸ್, ನಾನ್ಸಿ" ಎಂದು ಪಿಸುಗುಟ್ಟಿದ.

ಅವನ ಮಸೂದೆಯ ಹೆಸರು ಓದಿದರು.

"ಆಕ್ಷೇಪ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕರೆಯದೆಯೇ ಬಂದ ಕೂಗು ಅದು, ಹೊಟ್ಟೆಯ ತಳದಿಂದ. ನಿದ್ದೆ ಮಾಡುತ್ತಿದ್ದವರು ಎಚ್ಚೆತ್ತರು. ಖಾಲಿ ಸದನದ ನಾಲ್ಕು ಗೋಡೆಗೂ ಬಡಿದು ಮೊಳಗಿದ ಕೂಗು ಎಲ್ಲಿಂದ ಬಂತೆಂದು ತಿಳಿಯದೆ ಲಾಂಗ್‌ಡನ್ ಬೆಚ್ಚಿ ಆ ಕಡೆ ಈ ಕಡೆ ನೋಡಿದ. ಮುಂದಿನ ಮಸೂದೆಯ ಹೆಸರು ಓದಿದರು. ನೋರಾಳಿಗೆ ಒಂದು ಗಳಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ತಂಪಾಯಿತು. ಸುಳ್ಳೇಕೆ ಹೇಳಬೇಕು, ನಾಲ್ಕು ವರ್ಷದಲ್ಲಿ ಅಷ್ಟು ಸುಖ ಅವಳಿಗೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಹೊರಗೆ ಮೊಗಸಾಲೆಯಲ್ಲಿ ಲಾಂಗ್‌ಡನ್ ಅವಳನ್ನು ಹುಡುಕಿಕೊಂಡು ಬಂದ. ಅವನ ಸೋತ ಮುಖ ನೋಡಲು, "ನಾನೇ ಕಣೋ" ಎನ್ನಲು ಅವಳು ಕಾದು ನಿಂತಿದ್ದಳು. ಅವನ ಮುಖ ಸೋತಿರಲಿಲ್ಲ.

"ಸಚೇತಕರ ಕೆಲಸ ರೀ, ಇನ್ಯಾರದ್ದು! ಯಾರೋ ಹೆಂಗಸಿನ ಕೈಲಿ ಕೂಗಿಸಿದಾರೆ. ನಾನೂ ಆ ಕೆಲಸದಲ್ಲಿದ್ದಾಗ ಎಷ್ಟು ಬಿಲ್ ಹೊಡೆದು ಹಾಕಿದೀನೋ, ಒಂದೂ ನೆನಪಿಲ್ಲ." ನಕ್ಕ. "ಒಂಥರಾ ಒಳ್ಳೇದೇ ಆಯ್ತು ನೋಡಿ. ನಾನು ಹೋರಾಡಿದೆ, ಸರ್ಕಾರ ಬಿಡಲಿಲ್ಲ ಅಂತ ಮೀನಿನವರ ಮುಂದೆ ಹೇಳ್ಕೋಬಹುದು. ಪಾಸಾಗಿದ್ರೂ ಇಷ್ಟು ವೋಟು ಬರ್ತಿರಲಿಲ್ಲ."

ನೋರಾ ಬಾಯಿ ತೆರೆದಳು. ನಾನೇ ಎಂದು ಈಗ ಹೇಳಿದರೆ ಸಂಜೆಯೊಳಗೆ ಥಾರ್ನ್‌ಬೆಕ್ಕಿಗೆ ಮುಟ್ಟುತ್ತದೆ. ಬಾಯಿ ಮುಚ್ಚಿದಳು. ಅವನು ಜೇಬಿನಿಂದ ಪೆಪ್ಪರ್ಮಿಂಟ್ ತೆಗೆದು ಚಾಚಿದ. ಅವಳು ಇಸಿದುಕೊಂಡಳು.

ಶನಿವಾರ ಜಡಿಮಳೆ. ಬಯಲಿಗೆ ಬಂದಾಗ ಎಂದಿನಂತೆ ಯಾರೂ ದೂರು ಹಿಡಿದುಕೊಂಡು ಸುತ್ತುವರಿಯಲಿಲ್ಲ. ಬೇಕರಿಯವನು ಬ್ರೆಡ್ಡನ್ನು ಅತ್ತಿತ್ತ ಜರುಗಿಸುತ್ತ ತಲೆ ಎತ್ತಲೇ ಇಲ್ಲ. ನೋರಾ ಬೆರಿಲ್‌ಳ ಟಾರ್ಪಾಲಿನ ಕೆಳಗೆ ಬಂದು, ಕೊಡೆ ಮಡಚಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಆಡಿದಳು.

"ಯಾರೋ ಕೊನೇ ಗಳಿಗೇಲಿ ಆಕ್ಷೇಪ ಅಂದುಬಿಟ್ರು ಬೆರಿಲ್. ಹೆಸರು ಬರೆಯಲ್ಲ ನೋಡು ಅಲ್ಲಿ. ಯಾರು ಅಂತ ಗೊತ್ತಾಗೋದೇ ಇಲ್ಲ."

ಬೆರಿಲ್ ಬೋಟಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕೈ ಮಣಿಕಟ್ಟಿನವರೆಗೂ ಕೆಂಪಾಗಿತ್ತು.

"ಟೀವಿಲಿ ಕೇಳಿಸ್ತು" ಎಂದಳು. "ನಾವೆಲ್ಲ ಕೇಳಿಸ್ಕೊಂಡ್ವಿ."

ಮಳೆನೀರು ಟಾರ್ಪಾಲಿನ ಅಂಚಿನಿಂದ ನೋರಾಳ ಬೆನ್ನ ಮೇಲೆ ಇಳಿಯುತ್ತಿತ್ತು. ಬೆರಿಲ್ ಕೈ ಒರೆಸಿಕೊಂಡು, ಬೇರೆಲ್ಲ ಗಿರಾಕಿಗಳನ್ನು ನೋಡುವಂತೆಯೇ ಅವಳನ್ನು ನೋಡಿದಳು.

"ಏನು ಕೊಡ್ಲಿ, ಮೇಡಂ?"